ದಾಳಿಂಬೆ ಗಿಡದ ನೊರೆಗೂಡು

ಬಾದಾಮಿ
ಗುರುವಾರ, ೧೪ ಜುಲೈ ೧೯೮೩

ನನ್ನ ಮುದ್ದಿನ ಅವ್ವನಿಗೆ,

ಬಿದ್ದವು ಅವ್ವಾ, ಬಿದ್ದವು, ನಿನ್ನೆ ನಸುಕಿನಲ್ಲಿ ನಮ್ಮ ಹಿತ್ತಲಿನ ದಾಳಿಂಬೆ ಗಿಡದ ನೊರೆಗೂಡಿನಿಂದ ಮರಗಪ್ಪೆಯ ಮರಿಗಳು ಒಂದೊಂದಾಗಿ ಕೆಳಗಿನ ನೀರಿಗೆ ಬಿದ್ದವು, ನಾನು ಅವುಗಳ ಫೋಟೋ ತೆಗೆದೆ!

ಇಷ್ಟು ಓದಿ “ಏನ್ರೀ, ಇಲ್ಲೆ ಬರ್ರಿ” ಎಂದು ಅಪ್ಪನನ್ನು ಕೂಗಿದ್ದರೆ ಕ್ಷಮಿಸು. ನೀನು ಕಾಯುತ್ತಿರುವ ಸಿಹಿಸುದ್ದಿ ಇದಲ್ಲ. ಮದುವೆಯಾಗಿ ಏಳೇ ವಾರ, ಅದಕ್ಕೆ ಇನ್ನೂ ಸ್ವಲ್ಪ ತಡೆ. ಆದರೆ ನಿನ್ನೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ರೊಟ್ಟಿ ಬಡಿಯುತ್ತಾ ನಗುತ್ತಿದ್ದೆ, ಎರಡು ರೊಟ್ಟಿ ಸುಟ್ಟೆ.

ನೀನು ಸಿಟ್ಟಿನಲ್ಲಿದ್ದೀ ಎಂದು ಗೊತ್ತು. ಅತ್ತೆಗೆ ನೀನು ಬರೆದ ಕಾಗದದ ವಿಷಯವೂ ಗೊತ್ತು. ಈ ಕಾಗದದಲ್ಲಿ ಎರಡು ಸಂಗತಿಗಳಿವೆ: ಒಂದು ಕಪ್ಪೆಯದು, ಇನ್ನೊಂದು ನನ್ನ ತಪ್ಪಿನದು. ಕಪ್ಪೆಯದನ್ನು ಮೊದಲು ಬರೆಯುತ್ತೇನೆ, ಏಕೆಂದರೆ ಅದು ಸುಲಭ. ನೀನು ಮಾತ್ರ ನಡುವೆ ಬಿಡದೆ ಕೊನೆಯವರೆಗೆ ಓದಬೇಕು.

ಈ ಮನೆಗೆ ಬಂದ ಹೊಸತರಲ್ಲಿ ಒಂದು ದಿನ ಬಚ್ಚಲಮನೆಯ ಗೂಡಿನಲ್ಲಿ ಸಾಬೂನು ಹುಡುಕಲು ಕೈ ಹಾಕಿದೆ. ತಣ್ಣಗಿನದೊಂದು ಟಪ್ಪನೆ ಮಣಿಕಟ್ಟಿನ ಮೇಲೆ ಬಂದು ಕೂತಿತು. ಚೀರಿದೆ. ಅತ್ತೆ ಕೈಯಲ್ಲಿ ಬಡಿಗೆ ಹಿಡಿದು ಓಡಿಬಂದರು, ಹಾವೇ ಇರಬೇಕೆಂದು. ನಾನು ಮೈಮೇಲೆ ನೀರು ಸುರಿಯುತ್ತಿದ್ದ ಹಾಗೆಯೇ, “ಅತ್ತೀ, ಮರಗಪ್ಪಿ ನೋಡ್ರಿ! ಕಣ್ಣ ನೋಡ್ರಿ, ಬಂಗಾರ!” ಎಂದೆ. ಬೇಯಿಸಿದ ಶೇಂಗಾದ ಬಣ್ಣ ಅವ್ವಾ, ಎರಡು ಬೆರಳಿನಷ್ಟು ಉದ್ದ. ಪ್ರತಿ ಬೆರಳಿನ ತುದಿಗೂ ಹಣೆಯ ಟಿಕಳಿಯಂಥ ಗುಂಡನೆಯ ಅಂಟು. ಅತ್ತೆ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಇಂಗ್ಲೀಷ ಸಾಲಿ ಕಲ್ತಾಕಿ ಕಪ್ಪಿ ಕಂಡ್ರ ಚೀರತಾಳ ಅಂತ ತಿಳಿದಿದ್ದೆ. ಖುಷಿಗಿ ಚೀರತಾಳ ಅಂತ ಯಾರಿಗಿ ಗೊತ್ತಿತ್ತು?” ಎಂದು ಬಡಿಗೆ ಕೆಳಗಿಟ್ಟರು.

ನಿನಗೆ ಹೋದ ವರ್ಷ ಹುಬ್ಬಳ್ಳಿಯಲ್ಲಿ ನಡೆದದ್ದು ನೆನಪಿದೆಯಲ್ಲ? ರೈಲ್ವೆ ಕ್ವಾರ್ಟರ್ಸಿನ ಹಿಂದಿನ ನೀರಿನ ಟಾಕಿಯ ಗೋಡೆಗೆ ಬಿಳಿ ನೊರೆ ಅಂಟಿತ್ತು. ಅದು ಮರಗಪ್ಪೆಯ ಗೂಡು, ಒಳಗೆ ತತ್ತಿ ಇವೆ, ನಾಲ್ಕೈದು ದಿನಕ್ಕೆ ಮರಿಯಾಗಿ ನೀರಿಗೆ ಉದುರುತ್ತವೆ ಎಂದು ಸಾಲೆಯ ಪುಸ್ತಕದಲ್ಲಿ ಓದಿದ್ದೆ. ಅಪ್ಪನ ಕ್ಯಾಮೆರಾ ಹೊಂದಿಸಿ ಇಟ್ಟಿದ್ದೆ. ಮೂರನೆಯ ದಿನ ನೀನು “ಯಾರೋ ಉಗುಳ್ಯಾರ, ಹೊಲಸು” ಎಂದು ಕಸಬರಿಗೆ ತೊಗೊಂಡು ತೊಳೆದುಬಿಟ್ಟೆ. ನಾನು ಅತ್ತುಬಿಟ್ಟೆ. ಆಗ ನೀನು ಏನೆಂದೆ? “ಇರಲಿ ಬಿಡು, ನಿನ್ನ ಕೈಯಾಗ ಹಿಡಿದ ಕೆಲಸ ಯಾವುದರ ಮುಗದೈತೇನು?” ಅಂದೆ. ಅರ್ಧ ಹೆಣೆದ ಸ್ವೆಟರನ್ನೂ ಎರಡು ತಿಂಗಳಿಗೆ ಬಿಟ್ಟ ಹಾರ್ಮೋನಿಯಂ ಪಾಠವನ್ನೂ ಎತ್ತಿ ಆಡಿದೆ. ನೀನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅದು ನನಗೆ ಚುಚ್ಚಿತು. ಮದುವೆಯಲ್ಲಿ ಎಲ್ಲರೂ ಪಾತ್ರೆ ಕೊಟ್ಟಾಗ ಅಪ್ಪ ಆ ಕ್ಯಾಮೆರಾವನ್ನೇ ನನ್ನ ಉಡಿಯಲ್ಲಿಟ್ಟರಲ್ಲ, ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಗೂಡು ಕಟ್ಟುವುದರಿಂದ ಹಿಡಿದು ಮರಿ ಬೀಳುವವರೆಗೆ ಇದೊಂದನ್ನು ಪೂರಾ ಮಾಡಿಯೇ ತೀರಬೇಕು ಎಂದು.

ಆದರೆ ಅಪ್ಪನ ಕ್ಯಾಮೆರಾ ಎಂಥದು ಗೊತ್ತಲ್ಲ. ಆಸ್ಟ್ರೇಲಿಯಾಕ್ಕೆ ಹೋದ ರೈಲಿನ ಡ್ರೈವರ್ ಸಾಹೇಬರು ಬಿಟ್ಟುಹೋದ, ಒಂದರ ಮೇಲೊಂದು ಎರಡು ಕಣ್ಣಿರುವ ಡಬ್ಬಿ. ಮೇಲಿನ ಕಣ್ಣಿನಿಂದ ನಾವು ನೋಡಬೇಕು, ಕೆಳಗಿನ ಕಣ್ಣು ಚಿತ್ರ ತೆಗೆಯುತ್ತದೆ. ದೂರ ನಿಂತ ಮನುಷ್ಯರಿಗೆ ಸರಿ. ಗೇಣು ದೂರದ ಕಪ್ಪೆಗೆ ಹಿಡಿದರೆ ಮೇಲಿನ ಕಣ್ಣಿಗೆ ಕಂಡ ತಲೆ ಕೆಳಗಿನ ಕಣ್ಣಿಗೆ ಕಾಣುವುದಿಲ್ಲ. ನನ್ನ ಮೊದಲ ರೋಲನ್ನು ಇಲ್ಲಿಯ ಸ್ಟುಡಿಯೋದ ಮೀರಾಸಾಬರು ತೊಳೆದು ಕೊಟ್ಟಾಗ ಹನ್ನೆರಡು ಚಿತ್ರಗಳಲ್ಲೂ ಬರೀ ಹೊಟ್ಟೆ ಮತ್ತು ಕಾಲು, ಅದೂ ಮಂಜು ಮಂಜು. ಗುಹೆ ನೋಡಲು ಬಂದವರ ಫೋಟೋ ತೆಗೆದು ತೆಗೆದು ತಲೆ ಬೆಳ್ಳಗಾದವರು ಅವರು. ಅಂಗಡಿಯಲ್ಲಿ ಎಲ್ಲರೆದುರು, “ಬೇಟೀ, ಕಪ್ಪಿ ತಲಿ ಎಲ್ಲಿ ಬಿಟ್ಟ ಬಂದಿ?” ಎಂದು ನಕ್ಕರು. ನಾನು ಅಳುವ ಹಾಗಾದಾಗ ನಗು ನಿಲ್ಲಿಸಿ ದಾರಿ ಹೇಳಿಕೊಟ್ಟರು.

ದಾರಿ ಎಷ್ಟು ಸುಲಭ ಗೊತ್ತೇ! ಆ ಎರಡು ಕಣ್ಣುಗಳ ನಡುವಿನ ಅಂತರ ಸರಿಯಾಗಿ ಒಂದು ಕಡ್ಡಿಪೆಟ್ಟಿಗೆಯ ಉದ್ದ. ಕ್ಯಾಮೆರಾವನ್ನು ಮಣೆಯ ಮೇಲಿಟ್ಟು ಮೇಲಿನ ಕಣ್ಣಿನಿಂದ ನೋಡಿಕೊಳ್ಳಬೇಕು. ಆಮೇಲೆ ಮಣೆಯ ನಾಲ್ಕು ಮೂಲೆಗಳ ಕೆಳಗೆ ನಾಲ್ಕು ಕಡ್ಡಿಪೆಟ್ಟಿಗೆ ನಿಲ್ಲಿಸಿದರೆ, ಮೇಲಿನ ಕಣ್ಣು ಇದ್ದ ಜಾಗಕ್ಕೆ ಕೆಳಗಿನ ಕಣ್ಣು ಬರುತ್ತದೆ. ಮಂಜು ಹೋಗಬೇಕಾದರೆ ಓದುವ ಚಾಳೀಸಿನ ಗಾಜನ್ನು ಕಣ್ಣಿನ ಮುಂದೆ ಹಿಡಿಯಬೇಕು, ನೋಡುವಾಗ ಮೇಲಿನದಕ್ಕೆ, ತೆಗೆಯುವಾಗ ಕೆಳಗಿನದಕ್ಕೆ. ನಮ್ಮ ಮನೆಯಲ್ಲಿ ಓದುವ ಚಾಳೀಸು ಇರುವುದು ಒಬ್ಬರದೇ, ಅತ್ತೆಯದು. ಜೋಳ ಹಸನು ಮಾಡಲು, ಸಂಜೆ ನಾಲ್ಕು ವಚನ ಓದಲು ಅವರಿಗೆ ಅದು ಬೇಕೇ ಬೇಕು. ಕೇಳಿದಾಗ, “ಕಪ್ಪಿಗೂ ಚಾಳೀಸ ಬಂತೇನು?” ಎಂದರು. ಆದರೆ ಕೊಟ್ಟರು. ಆಮೇಲೆ ಒಲೆಯ ಮುಂದೆ ಕಡ್ಡಿಪೆಟ್ಟಿಗೆ ಸಿಗದಿದ್ದರೆ “ಹಿತ್ತಲದಾಗ ಮಣಿ ಕೆಳಗ ನೋಡ್ರಿ” ಎನ್ನುವುದು ಮನೆಯವರ ಮಾತೇ ಆಯಿತು.

ಹೋದ ಶುಕ್ರವಾರ, ಎಂಟನೆಯ ತಾರೀಖು. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತು. ನಸುಕಿನಲ್ಲಿ ಎಮ್ಮೆಗೆ ಹೊಟ್ಟು ಹಾಕಲು ಹೋದ ಅತ್ತೆ ಹಿತ್ತಲಿನಿಂದ ಕೂಗಿದರು: “ಏ ದಾಕ್ಷಾಯಣೀ, ಲಗೂ ಬಾ, ನಿನ್ನ ಕಪ್ಪಿ ಮಜ್ಜಿಗಿ ಕಡಿಯಾಕತ್ತೈತಿ!” ಎಮ್ಮೆಗೆ ನೀರು ತುಂಬಿಡುವ ಕಲ್ಲಿನ ಡೋಣಿ ಇದೆ. ಅದರ ಮೇಲೆ ದಾಳಿಂಬೆ ಗಿಡದ ಟೊಂಗೆ ಬಾಗಿದೆ. ಆ ಎಲೆಗಳ ಮೇಲೆ ದೊಡ್ಡ ಹೆಣ್ಣು ಕಪ್ಪೆ, ಅದರ ಬೆನ್ನಿಗೆ ಚಿಕ್ಕ ಗಂಡು. ಹೆಣ್ಣು ಹಿಂಗಾಲುಗಳಿಂದ ಕಡೆಯುತ್ತಿತ್ತು ಅವ್ವಾ, ಖರೆಯಾಗಿಯೂ ಕಡಗೋಲು ತಿರುಗಿಸಿದ ಹಾಗೆ, ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ. ನೋಡನೋಡುತ್ತ ಬೆಣ್ಣೆಯಂಥ ನೊರೆ ಏರಿತು, ಮುಷ್ಟಿಯಷ್ಟಾಯಿತು, ಎಲೆಗಳನ್ನು ಒಂದಕ್ಕೊಂದು ಅಂಟಿಸಿತು. ಅತ್ತೆ ಕಂದೀಲು ಹಿಡಿದು ಅಲುಗಾಡದೆ ನಿಂತರು. ಎಮ್ಮೆ ಹೊಟ್ಟಿಗಾಗಿ ಒದರುತ್ತಲೇ ಇತ್ತು. ಕಡೆಯುವ ಕಾಲುಗಳು ಚಿತ್ರದಲ್ಲಿ ಹೊಗೆಯ ಹಾಗೆ ಬಂದಿವೆ, ಆದರೆ ತಲೆ ಇದೆ, ಕಣ್ಣಿದೆ, ನೊರೆ ಇದೆ!

ಎಲ್ಲ ಮುಗಿದ ಮೇಲೆ ಅತ್ತೆ ಹೇಳಿದರು, ಆ ದಾಳಿಂಬೆಯನ್ನು ಅವರು ಮದುವೆಯಾಗಿ ಬಂದ ವರ್ಷ ಕಲಾದಗಿಯ ತವರಿನಿಂದ ತಂದು ನೆಟ್ಟದ್ದಂತೆ. “ಇಷ್ಟ ವರ್ಷದಾಗ ಹಣ್ಣ ನೆಟ್ಟಗ ಬಿಡಲಿಲ್ಲ. ಈಗ ಕಪ್ಪಿಗೆ ಬಾಣಂತನ ಮಾಡಾಕತ್ತೈತಿ ನೋಡು” ಎಂದರು.

ಇಲ್ಲಿಗೆ ಸುಲಭದ ಭಾಗ ಮುಗಿಯಿತು.

ಮರುದಿನ, ಶನಿವಾರ, ನೀಲಣ್ಣ ಬಂದ. ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆ, ಸೋಮವಾರದಿಂದ ಆಷಾಢ. ಮೊದಲ ಆಷಾಢದಲ್ಲಿ ಹೊಸ ಸೊಸೆ ಅತ್ತೆಯೊಂದಿಗೆ ಒಂದೇ ಮಾಡಿನ ಕೆಳಗೆ ಇರಬಾರದು, ಅದಕ್ಕೇ ನೀನು ಅಣ್ಣನನ್ನು ಕಳಿಸಿದ್ದೆ. ನನಗೆ ಅದೆಲ್ಲ ಮೊದಲೇ ಗೊತ್ತಿತ್ತು. ಆದರೆ ಆ ದಿನ ಗೂಡಿಗೆ ಒಂದೇ ದಿನ ವಯಸ್ಸು. ಮರಿ ಬೀಳುವುದು ಮಂಗಳವಾರವೋ ಬುಧವಾರವೋ. ನಾನು ಹೋದರೆ ಈ ಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು.

ಅತ್ತೆ ನನ್ನ ಚೀಲ ತುಂಬಿಟ್ಟಿದ್ದರು. ಇಳಕಲ್ಲಿನ ಸೀರೆ ಅಂಗಡಿಯಲ್ಲಿರುವ ಮಾವ ನಿನಗೆಂದು ಕಳಿಸಿದ್ದ ಕೆಂಪು ಸೆರಗಿನ ಸೀರೆಯನ್ನೂ ಅದರಲ್ಲಿಟ್ಟಿದ್ದರು. ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಉಡಿ ತುಂಬಿದರು. ಉಡಿಯಲ್ಲಿ ಕಾಯಿ, ಜೋಳ, ಕುಬುಸದ ಖಣ ಹಿಡಿದುಕೊಂಡೇ ನಾನು “ಒಂದ ನಿಮಿಷ” ಎಂದು ಹಿತ್ತಲಿಗೆ ಓಡಿದೆ. ಗೂಡನ್ನು ನೋಡಿದೆ. ಅಲ್ಲೇ ಡೋಣಿಯ ಅಂಚಿಗೆ ಕೂತುಬಿಟ್ಟೆ. ಹಿಂದೆಯೇ ಬಂದ ಅತ್ತೆಗೆ, “ನಾ ಹೋಗೂದಿಲ್ಲ ಅತ್ತೀ. ನನಗ ತವರು ಈಗ ಬ್ಯಾಡ” ಎಂದೆ.

ಹೌದು ಅವ್ವಾ. ನಾನೇ ಹಾಗೆಂದೆ. ನನ್ನನ್ನು ಕರೆಯಲು ಅಣ್ಣ ಪಡಸಾಲೆಯಲ್ಲಿ ಕೂತಿರುವಾಗ, ಉಡಿ ತುಂಬಿಸಿಕೊಂಡು, ತವರು ಬೇಡ ಎಂದೆ.

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. “ಹಂಗ ಅನಬಾರದು. ಅಂವಗ ಕೇಳೀತು” ಎಂದರು. ಗಿಡದ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಹೋದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

“ನೀಲಪ್ಪಾ, ಈಗ ನಾವು ಕಳಸೂದಿಲ್ಲಪಾ. ಮನ್ಯಾಗ ಕೆಲಸ ಐತಿ. ಎಂಟ ದಿನ ಬಿಟ್ಟ ನಾವ ಮುಟ್ಟಸ್ತೇವಿ.”

“ಆಷಾಢ ಹತ್ತತೈತಲ್ರಿ ಅತ್ತಿಯವರ?”

“ಹತ್ತಲಿ.”

“ಅವ್ವ ಏನ ತಿಳ್ಕೋಬೇಕ್ರಿ?”

“ಏನ ತಿಳ್ಕೋತಾರ ನನ್ನ ತಿಳ್ಕೊಳ್ಳಲಿ.”

ನೀಲಣ್ಣ ಚಹಾ ಮುಟ್ಟದೆ ಎದ್ದ. ಬಾಗಿಲ ಹಿಂದಿನಿಂದ ಎರಡು ಹೆಜ್ಜೆ ಮುಂದೆ ಬಂದಿದ್ದರೆ ಸಾಕಿತ್ತು, “ಅಣ್ಣಾ, ಬ್ಯಾಡ ಅಂದದ್ದು ನಾನ” ಎಂದಿದ್ದರೆ ಸಾಕಿತ್ತು. ನಾನು ಬರಲಿಲ್ಲ. ಉಡಿಯಲ್ಲಿದ್ದ ಕಾಯಿಯನ್ನು ಒತ್ತಿ ಹಿಡಿದುಕೊಂಡು ಸುಮ್ಮನೆ ನಿಂತೆ. ದೊಡ್ಡವರು ಮಾತಾಡುವಾಗ ಸಣ್ಣವರು ನಡುವೆ ಬಾಯಿ ಹಾಕಬಾರದು ಎಂದು ನೀನೇ ಕಲಿಸಿದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಕಳ್ಳ ಸಮಾಧಾನ.

ಸಂಜೆ ಪಕ್ಕದ ಮನೆಯ ಸಂಗವ್ವ ಬಂದಳು. ಅವಳಿಗೆ ಸುದ್ದಿ ತಲುಪಲು ಗೋಡೆಗಳು ಅಡ್ಡಬರುವುದಿಲ್ಲ. “ಗುರುಲಿಂಗವ್ವಾ, ನಾಡದು ಆಷಾಢ. ಸೊಸಿನ್ನ ಇಟ್ಕೊಂಡ ಕುಂತಿ. ಇಬ್ಬರಿಗೂ ಒಂದ ಮಾಡು ನಡೀತೈತೇನು?”

“ನಡಿಯೂದಿಲ್ಲ” ಎಂದರು ಅತ್ತೆ. “ಅದಕ್ಕ ನಾ ಹೊಂಟೇನಿ.”

“ಎಲ್ಲಿಗಿ?”

“ತವರಿಗಿ.”

ಸಂಗವ್ವ ನಗುತ್ತ ಕಟ್ಟೆಯ ಮೇಲೆ ಕೂತೇಬಿಟ್ಟಳು. “ಐವತ್ತ ವರ್ಷದಾಕಿ, ಆಷಾಢಕ್ಕ ತವರಿಗಿ!”

“ಯಾಕ, ನಾ ಈ ಮನಿ ಸೊಸಿ ಅಲ್ಲೇನು? ಯಾರಾರ ಒಬ್ಬರು ಹೋದ್ರ ಆತಿಲ್ಲೋ? ಆಕಿಗಿ ಇಲ್ಲೆ ಕೆಲಸ ಐತಿ, ನನಗ ಇಲ್ಲ.”

ಅವಳು ಹೋದ ಮೇಲೆ ನಾನು ಅತ್ತೆಯ ಕಾಲ ಹತ್ತಿರ ಕೂತೆ. ಅವರು ಹತ್ತಿ ಹಿಂಜುತ್ತ ಹೇಳಿದರು. ಮೂವತ್ತು ವರ್ಷದ ಹಿಂದೆ, ಅವರ ಮೊದಲ ಆಷಾಢಕ್ಕೆ ತಮ್ಮ ಬಂಡೆಪ್ಪ ಕಲಾದಗಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದನಂತೆ. ಅವರ ಅತ್ತೆ “ಮನ್ಯಾಗ ಕೆಲಸ ಐತಿ, ಕಳಸೂದಿಲ್ಲ” ಎಂದು ಬರೀ ಚಕ್ಕಡಿ ತಿರುಗಿಸಿ ಕಳಿಸಿದ್ದರಂತೆ. ಇವರಿಗೆ ಆಗ ಹೋಗಬೇಕೆಂದು ಜೀವ ಹಾರುತ್ತಿತ್ತು. “ಅದ ಮಾತು ಇವತ್ತ ನನ್ನ ಬಾಯಾಗ ಬಂತು. ಆದ್ರ ನಾ ಅಂದದ್ದು ಹುಡುಗಿ ಮನಸ್ಸಿನಂಗ ಆಗಲಿ ಅಂತ. ಆಕಿ ಅಂದದ್ದು ಹಂಗಲ್ಲ” ಎಂದರು.

ಭಾನುವಾರ ಕೆರೆಯ ಮಣ್ಣು ತಂದು ಜೋಡೆತ್ತು ಮಾಡಿ ಪೂಜೆ ಮುಗಿಸಿದರು. ಹಬ್ಬಕ್ಕೆ ಡೋಣಿ ತೊಳೆಯುವ ಪದ್ಧತಿ, ಈ ಸಲ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಕಲಾದಗಿಗೆ ಹೊರಟರು. ಆಮೇಲೆ ನೋಡ್ತೇನೆ, ಗೋಡೆಯ ಗೂಡಿನಲ್ಲಿ ಚಾಳೀಸು ಅಲ್ಲೇ ಇದೆ! ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಕಿಟಕಿಯಿಂದ ಅವರು ಕೈ ಹೊರಗೆ ಹಾಕಲೇ ಇಲ್ಲ. “ಮರತಿಲ್ಲ, ಬಿಟ್ಟ ಬಂದೇನಿ. ಅಲ್ಲೆ ಜ್ವಾಳ ಹಸನ ಮಾಡಾಕ ತಮ್ಮನ ಹೇಣ್ತಿ ಅದಾಳ. ನನಗ ಓದಾಕ ಯಾರ ಕಾಗದ ಬರತಾವ ಅಲ್ಲೆ? ಒಯ್ಯಿ” ಎಂದರು.

ಸೋಮವಾರ ಮೀರಾಸಾಬರು ತಾವಾಗಿ ತಮ್ಮ ಫ್ಲ್ಯಾಶ್ ತಂದುಕೊಟ್ಟರು. ಆಷಾಢದಲ್ಲಿ ಲಗ್ನಗಳಿಲ್ಲವಲ್ಲ. “ಒಂದ ತಿಂಗಳ ಇದೂ ತವರಿಗಿ ಹೋದಂಗ. ನಿನ್ನ ಕಡೆ ಇರಲಿ” ಎಂದರು. ಸೋಮವಾರ ಕಾದೆ. ಮಂಗಳವಾರ ಕಾದೆ. ನೊರೆ ಮೇಲೆ ಒಣಗಿ ಹಪ್ಪಳದ ಹಾಗಾಯಿತು, ಒಳಗೆ ಸತ್ತುಹೋದವೇನೋ ಎಂದು ಎದೆ ಒಡೆಯಿತು. ಬುಧವಾರ ನಸುಕಿನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನಿನ್ನ ಅಳಿಯ ಕ್ಯಾಮೆರಾದ ಮೇಲೆ ಛತ್ರಿ ಹಿಡಿದರು, ತಾವು ತೊಯ್ದರು. ಕಡ್ಡಿಪೆಟ್ಟಿಗೆಗಳು ನೆನೆದು ಮೆತ್ತಗಾಗುತ್ತಿದ್ದವು. ನೊರೆ ಕರಗಿ ಕೆಳಗೆ ಜೋತಿತು, ಅದರೊಳಗೆ ಏನೋ ಮಿಸುಕಾಡಿತು. ಹೊಸ ರೋಲಿನಲ್ಲಿ ಹನ್ನೆರಡೇ ಚಿತ್ರ. ಆತುರಕ್ಕೆ ಬಿದ್ದು ಹನ್ನೊಂದನ್ನು ಒತ್ತಿಬಿಟ್ಟೆ. ಪ್ರತಿ ಸಲವೂ ನಾನು ಒತ್ತುವ ಹೊತ್ತಿಗೆ ಮರಿ ಆಗಲೇ ನೀರಲ್ಲಿ. ಕೊನೆಯದೊಂದು ಉಳಿದಾಗ ಇವರು ಮೆಲ್ಲಗೆ, “ಮರಿ ನೋಡಬ್ಯಾಡ, ಹನಿ ನೋಡು” ಎಂದರು. ಒಂದು ದಪ್ಪ ಹನಿ ಉದ್ದವಾಗುತ್ತ ಬಂತು. ಉಸಿರು ಹಿಡಿದು ಒತ್ತಿದೆ.

ಇದರ ಜೊತೆ ಇರುವುದು ಅದೇ ಚಿತ್ರ. ನೋಡು, ಮೇಲೆ ನೊರೆ, ಕೆಳಗೆ ನೀರು. ನಡುವೆ ಗಾಳಿಯಲ್ಲಿ, ಹನಿಯೊಳಗೆ, ಬಾಲವಿರುವ ಎಳ್ಳಿನ ಕಾಳಿನಂಥದು. ಕಪ್ಪು ಚುಕ್ಕೆ ಕಾಣುತ್ತದಲ್ಲ, ಅದು ಕಣ್ಣು. ಮೀರಾಸಾಬರು ನೆಗೆಟಿವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ “ತಲಿ ಐತಿ” ಎಂದರು. ಅಷ್ಟೇ. ನಾನು ಒಂದು ಕೆಲಸ ಮುಗಿಸಿದೆ ಅವ್ವಾ.

ಆದರೆ ಅದೇ ದಿನ ಮಧ್ಯಾಹ್ನ ಟಪಾಲಿನವನು ನಿನ್ನ ಕಾಗದವನ್ನು ಸಾಲೆಯಲ್ಲಿ ಪಾಠ ಮಾಡುತ್ತಿದ್ದ ನಿನ್ನ ಅಳಿಯನ ಕೈಗೆ ಕೊಟ್ಟನಂತೆ. ಮೇಲೆ ಅತ್ತೆಯ ಹೆಸರು. ಬೀಗರ ಕುಶಲದ ಕಾಗದ ಇರಬೇಕು ಎಂದುಕೊಂಡು ಇವರು ಮರಿ ಬಿದ್ದ ಸುದ್ದಿ ಹೇಳಲು ಕಲಾದಗಿಗೆ ಹೋಗುವಾಗ ಅದನ್ನೂ ಒಯ್ದರು. ಅತ್ತೆಯ ಬಳಿ ಚಾಳೀಸು ಇರಲಿಲ್ಲ. ಓದಲು ಮಗನಿಗೇ ಕೊಟ್ಟರು. ಇವರು ಮೊದಲ ಸಾಲಿಗೇ ಬೆವತು, “ಎಲ್ಲಾರೂ ಆರಾಮ ಅದಾರಂತ, ದಾಕ್ಷಾಯಣಿನ್ನ ಲಗೂ ಕಳಸ್ರಿ ಅಂದಾರ” ಎಂದು ಮಡಚಿಟ್ಟರಂತೆ. ಅತ್ತೆ ಕೇಳುತ್ತಾರೆಯೇ? “ಕಾಗದ ಎರಡೂ ಬಾಜೂ ತುಂಬೈತಿ, ನೀ ಓದಿದ್ದು ಎರಡ ಸಾಲು. ನಾ ಕುರುಡಿ ಅಲ್ಲೋ, ಚಾಳೀಸ ಇಲ್ಲ ಅಷ್ಟ. ಪೂರಾ ಓದು.”

ಇವರು ಪೂರಾ ಓದಿದರು. ತಮ್ಮ ಬಂಡೆಪ್ಪ, ಅವನ ಹೆಂಡತಿ ಎಲ್ಲ ಅಲ್ಲೇ ಕೂತಿದ್ದರು. “ನಿಮ್ಮ ಮನೆಯ ಕೆಲಸಕ್ಕೆ ನಾವು ಮಗಳನ್ನು ಕೂಲಿಗೆ ಕೊಟ್ಟಿಲ್ಲ” ಎಂದು ನೀನು ಬರೆದ ಸಾಲನ್ನೂ ಓದಿದರು. ಬಂಡೆಪ್ಪ ಮಾವ ಸಿಟ್ಟಿಗೆದ್ದು ಏನೋ ಅನ್ನಲು ಹೋದಾಗ ಅತ್ತೆ ಕೈ ಎತ್ತಿ ತಡೆದರಂತೆ. “ಹೆತ್ತಾಕಿ ಸಿಟ್ಟು. ಮೂವತ್ತ ವರ್ಷದ ಹಿಂದ ನಮ್ಮವ್ವಗ ಬರಿಯಾಕ ಬರತಿದ್ರ ಹಿಂಗ ಬರೀತಿದ್ಳು” ಎಂದರಂತೆ. ಆಮೇಲೆ ಅವರು ಕೇಳಿದ್ದು ಒಂದೇ ಮಾತು: “ಅದಿರಲಿ, ಮರಿ ಬಿದ್ದೂ ಏನು?”

ರಾತ್ರಿ ಇವರು ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನಾನು ಊಟ ಬಿಟ್ಟು ಎದ್ದೆ. ನನ್ನ ಹನ್ನೆರಡನೆಯ ಚಿತ್ರಕ್ಕೆ ಯಾರು ಏನು ಕೇಳಿಸಿಕೊಳ್ಳಬೇಕಾಯಿತು ನೋಡು. ಬಾಗಿಲ ಹಿಂದೆ ನಿಂತದ್ದು ಒಂದು ಸಲ ಸಾಕು. ಈಗ ಪಡಸಾಲೆಗೆ ಬಂದು ನಿಂತು ಹೇಳುತ್ತಿದ್ದೇನೆ: ಅತ್ತೆ ನನ್ನನ್ನು ತಡೆಯಲಿಲ್ಲ. ನಾನೇ ಬರಲಿಲ್ಲ. ತವರು ಬೇಡ ಎಂದವಳು ನಾನು. ನೀನು ಬೈಯಬೇಕಾದದ್ದು ನನ್ನನ್ನು. ಎದುರು ನಿಲ್ಲಿಸಿಕೊಂಡು ಮನಸಾರೆ ಬೈ, ತಲೆ ತಗ್ಗಿಸಿ ಕೇಳುತ್ತೇನೆ. ನೀಲಣ್ಣನಿಗೂ ನಾನೇ ಹೇಳುತ್ತೇನೆ, ಅವನ ಆರಿದ ಚಹಾದ ಬದಲು ನನ್ನ ಕೈಯಾರೆ ಚಹಾ ಮಾಡಿ ಕೊಟ್ಟು.

ಆದರೆ ಒಂದು ಮಾತಿನಲ್ಲಿ ನಾನು ಸೋಲುವವಳಲ್ಲ. ನೀನು ಇನ್ನು ಅತ್ತೆಯನ್ನು ಕಂಡಾಗ ಮೊದಲ ಮಾತು ನಿನ್ನದಾಗಿರಬೇಕು. ಹುಡುಗಿಯ ಕಡೆಯವರು ತಗ್ಗಿದರು ಎಂದು ಯಾರಾದರೂ ಅಂದರೆ ಅನ್ನಲಿ. ನೀನು ಆ ಕೂಲಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ನಾನು ನಿನ್ನ ಮನೆಯ ಹೊಸಿಲು ದಾಟುವುದಿಲ್ಲ, ಸ್ಟೇಷನ್ನಿನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂರುತ್ತೇನೆ. ಅಪ್ಪ ಗಾರ್ಡ್, ಅವರ ಸ್ಟೇಷನ್ನಿನಲ್ಲಿ ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ನಾನು ಎಷ್ಟು ಹೊತ್ತು ಕೂತು ಕಾಯಬಲ್ಲೆ ಎಂಬುದು ಈಗ ಆ ಕಪ್ಪೆಗಳಿಗೆ ಗೊತ್ತಿದೆ.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ, ತಡವಾದೀತು. ಇವತ್ತು ಸಂಜೆಯ ಗಾಡಿಯ ಗಾರ್ಡ್, ಅಪ್ಪನ ಗೆಳೆಯ ಖಾಸಿಂಸಾಬ ಕಾಕಾ ಅವರ ಕೈಯಲ್ಲಿ ಕೊಡುತ್ತೇನೆ. ನಾಳೆಗೆ ನಿನಗೆ ಮುಟ್ಟುತ್ತದೆ. ಯೋಚನೆ ಮಾಡಲು ನಿನಗೆ ಎರಡು ದಿನ ಸಿಗುತ್ತದೆ.

ನಾನು ಬರುವುದು ಭಾನುವಾರ, ಹದಿನೇಳನೆಯ ತಾರೀಖು. ಬಾಗಲಕೋಟೆಯ ಕಡೆಯಿಂದ ಬರುವ ಮುಂಜಾನೆಯ ಪ್ಯಾಸೆಂಜರಿಗೆ ಬಾದಾಮಿಯಲ್ಲಿ ಹತ್ತಿ, ಗದಗಿನಲ್ಲಿ ಗಾಡಿ ಬದಲಿಸಿ, ಮಧ್ಯಾಹ್ನ ಮೂರಕ್ಕೆ ಹುಬ್ಬಳ್ಳಿ.

ಒಂದು ಕೆಲಸವನ್ನಾದರೂ ಮುಗಿಸಿದ ನಿನ್ನ ಹಟಮಾರಿ ಮಗಳು,
ದಾಕ್ಷಾಯಣಿ

ತಾ.ಕ.: ಅದೇ ಗಾಡಿಯಲ್ಲಿ ಅತ್ತೆಯೂ ಬರುತ್ತಿದ್ದಾರೆ. ಬಾಗಲಕೋಟೆಯಲ್ಲಿ ಹತ್ತುತ್ತಾರೆ. “ನಾವ ಮುಟ್ಟಸ್ತೇವಿ ಅಂದೇನಿ, ಮುಟ್ಟಸೂದ ಸೈ” ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ನನ್ನನ್ನು ನಿನ್ನ ಕೈಗೆ ಒಪ್ಪಿಸಿ ಸಂಜೆಯ ಗಾಡಿಗೆ ತಿರುಗಿ ಹೋಗುತ್ತಾರಂತೆ. ಆಷಾಢ ಅಲ್ಲವೇ, ಅದಕ್ಕೇ ನಾವು ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತೇವೆ. ರೈಲಿಗೂ ಮಾಡು ಇದೆಯಂತೆ! ನಾನು ನಿನಗೆ ನಿಜ ಬರೆದದ್ದು ಅವರಿಗೆ ಗೊತ್ತಿಲ್ಲ. “ತವರ ಒಲ್ಲೆ ಅಂದ ಮಗಳು ಅಂತ ಆಕಿ ಜೀವಕ್ಕ ಹಚ್ಕೋತಾಳ, ಹೇಳಬ್ಯಾಡ. ನನ್ನ ಮ್ಯಾಲಿನ ಸಿಟ್ಟು ನಾಕ ದಿನಕ್ಕ ಇಳೀತೈತಿ” ಎಂದು ನನಗೆ ತಾಕೀತು ಮಾಡಿದ್ದಾರೆ. ಆದ್ದರಿಂದ ನೀನು ಬೈಯುತ್ತೀ ಎಂದು ತಿಳಿದುಕೊಂಡೇ ಅವರು ಗಾಡಿ ಇಳಿಯುತ್ತಾರೆ. ಅವರ ಚಾಳೀಸು ನನ್ನ ಚೀಲದಲ್ಲಿದೆ, ಆ ಚಿತ್ರವನ್ನು ಅವರು ಇನ್ನೂ ನೋಡಿಲ್ಲ. ಪ್ಲಾಟ್‌ಫಾರ್ಮಿನ ಆಚೆ, ಮಾಡಿಲ್ಲದ ಜಾಗದಲ್ಲಿ, ಬೇವಿನ ಗಿಡದ ಕೆಳಗೆ ನಿಂತಿರು. ಈ ಚಿತ್ರವನ್ನು ತಪ್ಪದೆ ತಾ, ಚಾಳೀಸನ್ನು ನಾನು ನಿನ್ನ ಕೈಗೆ ಕೊಡುತ್ತೇನೆ, ಎರಡನ್ನೂ ಅವರಿಗೆ ನೀನೇ ಕೊಡು.